ಹೋಕನ್‌ನನ್ನು ಹೂತ ಜಾಗ

ನಮ್ಮ ದೊಡ್ಡಪ್ಪನ ಮಗ ಟೋರ್ಕೆಲ್ ಅವತ್ತು ಗಿರಣಿಯಿಂದ ಮನೆಗೆ ಹೊರಟಾಗ ಕತ್ತಲಾಗಿ ಬಹಳ ಹೊತ್ತಾಗಿತ್ತು. ನವೆಂಬರ್ ತಿಂಗಳು. ನಮ್ಮ ಕಡೆ ಆಗ ಮಧ್ಯಾಹ್ನ ಉಂಡ ತಟ್ಟೆ ತೊಳೆಯೋ ಹೊತ್ತಿಗೇ ಬೆಳಕು ಹೋಗಿಬಿಡುತ್ತೆ. ಬಿದ್ದ ಹಿಮ ಗಟ್ಟಿಯಾಗಿತ್ತು. ಗಾಳಿ ಒಂದಿಷ್ಟೂ ಇರಲಿಲ್ಲ. ಅಂಥ ಚಳಿಯಲ್ಲಿ ಸದ್ದು ಹೇಗೆ ಕೇಳುತ್ತೆ ಗೊತ್ತಲ್ಲ... ಸರೋವರದ ಆಚೆ ದಡದಲ್ಲಿ ಯಾರೋ ಸೌದೆ ಒಡೆದರೆ ನಮ್ಮ ಕಿವಿಯ ಪಕ್ಕದಲ್ಲೇ ಒಡೆದ ಹಾಗೆ.

ಟೋರ್ಕೆಲ್‌ಗೆ ಎಡಗಾಲು ಮೊಣಕಾಲಿಂದ ಕೆಳಗೆ ಮರದ್ದು. ಹಿಮದ ಮೇಲೆ ನಡೆದರೆ ಬೂಟಿನ ಕಾಲು ‘ಕಿರ್’ ಅನ್ನುತ್ತಿತ್ತು, ಮರದ ಕಾಲು ‘ಟುಕ್’ ಅನ್ನುತ್ತಿತ್ತು. ಕಿರ್... ಟುಕ್... ಕಿರ್... ಟುಕ್... ಆ ಸದ್ದು ಕೇಳಿದ ಮೇಲೇ ನಾನು ಗಂಜಿ ಬಿಸಿಗಿಡುತ್ತಿದ್ದೆ. ಅಣ್ಣನಿಗೆ ಹೆಂಡತಿ ಮಕ್ಕಳು ಇರಲಿಲ್ಲ. ನನಗೂ ಯಾರೂ ಇರಲಿಲ್ಲ. ಅವನ ಮನೆಯಲ್ಲೇ ಇದ್ದುಕೊಂಡು ಒಲೆ ನೋಡಿಕೊಳ್ಳುತ್ತಿದ್ದೆ.

ಗಿರಣಿ ದಾರಿ ಕವಲೊಡೆಯೋ ಕಡೆ ಒಂದು ಬಾವಿ ಇದೆ. ಅಲ್ಲಿಂದ ಒಂದು ದಾರಿ ನಮ್ಮ ಮನೆಗೆ, ಇನ್ನೊಂದು ಸಿಪಾಯಿ ಮನೆಗೆ. ಗಾಳಿ ಬೀಸಿದಾಗ ಆ ಬಾವಿಯ ಏತ ‘ಕ್ರೀ...’ ಅಂತ ಕಿರುಗುಟ್ಟುತ್ತೆ. ಅವತ್ತು ಗಾಳಿ ಇಲ್ಲದೆ ಕಿರುಗುಟ್ಟಿತು. ಒಂದೇ ಸಲ. ಟೋರ್ಕೆಲ್ ನಿಂತ.

ಅವನು ನಿಂತ ಮೇಲೂ ಹೆಜ್ಜೆ ಸದ್ದು ನಿಲ್ಲಲಿಲ್ಲ.

ಹಿಂದಿನಿಂದ ಬರುತ್ತಿತ್ತು. ಹಿಮ ತುಳಿಯೋ ಸದ್ದಲ್ಲ ಅದು. ಪಚಕ್... ಪಚಕ್... ಬೂಟಿನೊಳಗೆ ನೀರು ತುಂಬಿಕೊಂಡು ನಡೆದರೆ ಆಗುತ್ತಲ್ಲ, ಆ ಸದ್ದು. ಹಳ್ಳ ಕೊಳ್ಳವೆಲ್ಲ ಕಲ್ಲಾಗಿರೋ ಚಳಿಯಲ್ಲಿ ಬೂಟಿಗೆ ನೀರು ಎಲ್ಲಿಂದ ಬರಬೇಕು?

ಬೆನ್ನ ಹಿಂದೆಯೇ ಬಂದು ನಿಂತಿತು.

“ಟೋರ್ಕೆಲ್.”

ಪಿಸುಮಾತು. ಅವನು ತಿರುಗಲಿಲ್ಲ. ತಿರುಗದೆಯೇ ದನಿ ಗುರುತು ಹಿಡಿದಿದ್ದ.

“ಹೋಕನ್?”

“ಹೂಂ.”

ಆಮೇಲೆ ಅಣ್ಣ ನನಗೆ ಹೇಳಿದ ಮಾತು ಇದು, ಇವತ್ತಿಗೂ ಮರೆತಿಲ್ಲ. ದೆವ್ವ ಅಂತ ನಾನು ಹೆದರಲಿಲ್ಲ ಕಣೇ ಅಂದ. ಬದುಕಿ ಬಂದುಬಿಟ್ಟನಲ್ಲ ಅಂತ ಹೆದರಿದೆ ಅಂದ.

ಯಾಕೆ ಅಂತ ಹೇಳುತ್ತೇನೆ, ಕೇಳಿ.

ಹೋಕನ್ ನಮ್ಮೂರಿನ ಸಿಪಾಯಿ. ಪದ್ಧತಿ ಇದ್ದದ್ದೇ ಅಲ್ಲವಾ, ನಾಲ್ಕೈದು ಮನೆಯವರು ಸೇರಿ ದೊರೆಗೆ ಒಬ್ಬ ಸಿಪಾಯಿ ಕೊಡಬೇಕು. ಅವನಿಗೊಂದು ಮನೆ, ಚೂರು ಹೊಲ, ಒಂದು ಹಸುವಿಗಾಗುವಷ್ಟು ಹುಲ್ಲು. ಸಿಪಾಯಿ ಇರೋವರೆಗೂ ಮನೆ ಅವನದು. ಅವನು ಹೋದರೆ ಅದು ಮುಂದಿನ ಸಿಪಾಯಿಗೆ. ಸತ್ತವನ ಹೆಂಡತಿ ಮಕ್ಕಳು ಗಂಟು ಕಟ್ಟಬೇಕು. ಟೋರ್ಕೆಲ್ ಪಕ್ಕದೂರಿನ ಪಾಲಿನ ಸಿಪಾಯಿ. ಇಬ್ಬರೂ ಒಂದೇ ದಿನ ಹೊರಟವರು, ಒಂದೇ ಬಟ್ಟಲಲ್ಲಿ ಉಂಡವರು. ಹೊರಟಾಗ ಹೋಕನ್‌ನ ಹೆಂಡತಿ ಗುನಿಲ್ಲಾ ಬಸುರಿ.

ದೊರೆ ಅವರನ್ನು ಪೋಲೆಂಡ್ ದಾಟಿಸಿದ, ರಷ್ಯಾದೊಳಗೆ ನಡೆಸಿದ, ಪೊಲ್ಟಾವಾ ಅನ್ನೋ ಊರಿನ ಹತ್ತಿರ ನಮ್ಮ ಸೈನ್ಯ ಪುಡಿಪುಡಿಯಾಯಿತು. ಉಳಿದವರು ಓಡಿ ಓಡಿ ಒಂದು ದೊಡ್ಡ ನದಿಗೆ ಬಂದರು. ಆಚೆ ದಡ ಸೇರಿದರೆ ತುರ್ಕರ ಸೀಮೆಗೆ ದಾರಿ. ಈಚೆ ಉಳಿದರೆ ರಷ್ಯನ್ನರ ಕೈಗೆ. ದೋಣಿಗಳು ಬೆರಳೆಣಿಕೆ. ದೊರೆ ದಾಟಿದ. ಅವನ ಹಿಂದೆ ಗಾಯಾಳುಗಳು ಒಂದಿಷ್ಟು ಜನ ದಾಟಿದರು.

ಟೋರ್ಕೆಲ್‌ನ ಕಾಲು ಗುಂಡಿಗೆ ಜಜ್ಜಿಹೋಗಿತ್ತು. ಗಾಡಿಯ ಹಲಗೆ ಬಿಗಿದು ಮಾಡಿದ ತೆಪ್ಪ ಒಂದಿತ್ತು, ಅದರಲ್ಲಿ ಇನ್ನೊಬ್ಬನಿಗೆ ಜಾಗ. ಗುದ್ದಾಡಿ ಆ ಜಾಗ ಹಿಡಿದವನು ಹೋಕನ್. ಅವನಿಗೂ ಜ್ವರ, ಮೈ ಗಡಗಡ ನಡುಗುತ್ತಿತ್ತು. ಆದರೂ ಟೋರ್ಕೆಲ್‌ನನ್ನು ಎತ್ತಿ ತೆಪ್ಪದ ಮೇಲೆ ಮಲಗಿಸಿ, ತಾನು ದಡದಲ್ಲೇ ಕೂತ.

“ಇಲ್ಲೇ ಇರು,” ಅಂದ ಟೋರ್ಕೆಲ್. “ತೆಪ್ಪ ವಾಪಸ್ ಕಳಿಸ್ತೀನಿ.”

ಕಳಿಸಲಿಲ್ಲ.

ಆಚೆ ದಡ ಸೇರಿದ ಮೇಲೆ ಕೇಳಬಹುದಿತ್ತು. ತೆಪ್ಪ ನಡೆಸಿದವರು ಇಬ್ಬರೂ ಅಲ್ಲೇ ಇದ್ದರು. ಆದರೆ ಅವರೇ ಅವನನ್ನು ಹೊತ್ತುಕೊಂಡು ಮುಂದೆ ಹೋಗಬೇಕಾಗಿದ್ದವರು. ಅವರು ಹಿಂದಕ್ಕೆ ಹೋದರೆ ನನ್ನನ್ನ ಯಾರು ಹೊರ್ತಾರೆ ಅಂತ ಯೋಚನೆ ಬಂತು. ಕಣ್ಣು ಮುಚ್ಚಿಕೊಂಡು, ಪ್ರಜ್ಞೆ ತಪ್ಪಿದವನ ಹಾಗೆ ಸುಮ್ಮನೆ ಮಲಗಿಬಿಟ್ಟ. ಅಷ್ಟೇ. ಒಂದು ಮಾತು ಆಡಲಿಲ್ಲ, ಅದೇ ಅವನು ಮಾಡಿದ್ದು.

ತುರ್ಕರ ಸೀಮೆಯಲ್ಲಿ ಕಾಲು ಕತ್ತರಿಸಿದರು. ವರ್ಷಗಟ್ಟಲೆ ಅಲ್ಲೇ ಬಿದ್ದಿದ್ದು, ಅರ್ಧ ಲೋಕ ಸುತ್ತಿ ಊರಿಗೆ ಬಂದ. ಬಂದಾಗ ಊರಲ್ಲಿ ಗಂಡಸರೇ ಇಲ್ಲ. ದೊರೆಗೆ ಮತ್ತೆ ಜನ ಬೇಕು. ಹೋಕನ್‌ನ ಜಾಗಕ್ಕೆ ಯೋನ್ಸ್ ಅನ್ನೋ ಹೊಸ ಸಿಪಾಯಿಯನ್ನು ಗೊತ್ತುಮಾಡಿದರು. ಸಿಪಾಯಿ ಮನೆ ಅವನಿಗೆ ಬಿಡಬೇಕು. ಗುನಿಲ್ಲಾ ಏಳು ವರ್ಷದ ಮಗಳು ಮಾಲಿನ್‌ಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು? ಯೋನ್ಸ್ ಒಳ್ಳೆಯವನು. ಮನೆ ಬಿಡೋದು ಬೇಡ, ಮದುವೆ ಆಗ್ತೀನಿ ಅಂದ. ಊರಿನವರೂ ಅದೇ ಸರಿ ಅಂದರು. ಆದರೆ ಪಾದ್ರಿಗಳು ಒಪ್ಪಬೇಕಲ್ಲ. ಗಂಡ ಸತ್ತದ್ದನ್ನು ಕಂಡವರು ಯಾರು, ಅವರು ಬಂದು ಪ್ರಮಾಣ ಮಾಡಲಿ ಅಂದರು.

ಎಲ್ಲರೂ ಟೋರ್ಕೆಲ್ ಕಡೆ ತಿರುಗಿದರು.

ದಡದಲ್ಲಿ ಬಿಟ್ಟುಬಂದೆ, ಆಮೇಲೆ ಏನಾಯ್ತೋ ಗೊತ್ತಿಲ್ಲ ಅಂದರೆ ಗುನಿಲ್ಲಾ ಬೀದಿಗೆ ಬೀಳುತ್ತಾಳೆ. ಅದು ನಿಜ. ಆದರೆ ಹಾಗಂದರೆ, ಯಾಕೆ ಬಿಟ್ಟುಬಂದೆ ಅಂತ ಇನ್ನೊಂದು ಪ್ರಶ್ನೆ ಹುಟ್ಟುತ್ತೆ. ಅದೂ ನಿಜ. ಟೋರ್ಕೆಲ್ ಬೈಬಲ್ ಮೇಲೆ ಕೈಯಿಟ್ಟ. ಜ್ವರ ಬಂದು ನನ್ನ ತೊಡೆ ಮೇಲೇ ಪ್ರಾಣ ಬಿಟ್ಟ ಅಂದ. ಕೊನೆಗೆ ಗುನಿಲ್ಲಾ ಅಂತ ಹೆಸರು ಹಿಡಿದು ಕರೆದ ಅಂದ. ಕಾಲು ಆಗದಿದ್ದರೂ ಕೂತಲ್ಲೇ ನಾನೇ ಗುಂಡಿ ತೋಡಿ ಹೂತೆ, ಒಂದು ಮರದ ಕೆಳಗೆ ಅಂದ.

ಮರದ ವಿಷಯ ಯಾರೂ ಕೇಳಿರಲಿಲ್ಲ. ಅದು ಅವನೇ ಸೇರಿಸಿದ್ದು.

ಆಮೇಲೆ ಆ ಹುಡುಗಿ ಮಾಲಿನ್ ಬಿಡಬೇಕಲ್ಲ. ಭಾನುವಾರ ಚರ್ಚಿನಿಂದ ಬರುವಾಗ ಅವನ ಪಕ್ಕಕ್ಕೆ ಬಂದು, ಮಾಮ, ಯಾವ ಮರ ಅಂತ ಕೇಳಿದಳು. ಬರ್ಚ್ ಮರ ಅಂದ. ನಮ್ಮ ಮನೆ ಹಿಂದೆ ಇದೆಯಲ್ಲ, ಅಂಥದ್ದಾ? ಅಂಥದ್ದೇ, ಬೆಳ್ಳಗೆ ತೊಗಟೆ. ಇನ್ನೊಂದು ಭಾನುವಾರ, ಹಕ್ಕಿ ಕೂತಿತ್ತಾ ಅಂದಳು. ಕೂತಿತ್ತು ಅಂದ. ಹೀಗೆ ವರ್ಷ ವರ್ಷ ಆ ಗೋರಿಗೆ ಹುಲ್ಲು ಬಂತು, ಹೂ ಬಂತು, ನದಿ ಗಾಳಿ ಬಂತು. ಅವಳು ಖುಷಿಯಿಂದ ಕೇಳುತ್ತಿದ್ದಳು. ಇವನು ಮನೆಗೆ ಬಂದು ಊಟ ಬೇಡ ಅಂತ ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ನನಗೆ ಆಗ ಕಾರಣ ಗೊತ್ತಿರಲಿಲ್ಲ. ಕಾಲು ನೋಯುತ್ತೆ ಅಂದುಕೊಂಡಿದ್ದೆ.

ಅಷ್ಟರಲ್ಲಿ ದೊರೆ ನಾರ್ವೆಯಲ್ಲಿ ತಲೆಗೆ ಗುಂಡು ಬಿದ್ದು ಸತ್ತ. ಶತ್ರುವಿನ ಗುಂಡು ಅಂತ ಕೆಲವರು, ನಮ್ಮವರದ್ದೇ ಅಂತ ಕೆಲವರು. ಅವನ ತಂಗಿ ರಾಣಿಯಾದಳು, ಆಮೇಲೆ ಅವಳ ಗಂಡ ದೊರೆಯಾದ, ಸ್ಟಾಕ್‌ಹೋಮ್‌ನಲ್ಲಿ ದೊಡ್ಡವರೆಲ್ಲ ಸೇರಿ ಇನ್ನು ದೊರೆ ಹೇಳಿದ್ದೇ ಕೊನೆ ಮಾತಲ್ಲ ಅಂದರು. ರಷ್ಯನ್ನರು ಕಡಲತೀರದ ಊರೆಲ್ಲ ಸುಟ್ಟರು. ಕೊನೆಗೆ ಒಪ್ಪಂದ ಆಯಿತು. ಆಯಿತಲ್ಲ... ಸೆರೆ ಸಿಕ್ಕಿದ್ದ ಸಿಪಾಯಿಗಳು ಊರಿಗೆ ಬರತೊಡಗಿದರು. ಸೈಬೀರಿಯಾದಿಂದ ನಡೆದುಕೊಂಡು. ಸತ್ತರು ಅಂತ ಯಾರಿಗೆ ಚರ್ಚಿನ ಗಂಟೆ ಹೊಡೆಸಿದ್ದರೋ ಅವರೇ ಬಂದು ಬಾಗಿಲು ತಟ್ಟಿದರು. ನೆರೆಯೂರಿನ ಸಿಪಾಯಿ ಒಬ್ಬ ಮನೆಗೆ ಬಂದು ನೋಡಿದರೆ ಅವನ ಜಾಗದಲ್ಲಿ ಇನ್ನೊಬ್ಬ ಕೂತು ಉಣ್ಣುತ್ತಿದ್ದ.

ಆ ವರ್ಷವೆಲ್ಲ ನಮ್ಮ ಬಾಗಿಲು ಯಾರು ತಟ್ಟಿದರೂ ಅಣ್ಣನ ಕೈಯಿಂದ ಚಮಚ ಜಾರುತ್ತಿತ್ತು.

ಈಗ ಬಾವಿಯ ಹತ್ತಿರ ಬನ್ನಿ.

ಟೋರ್ಕೆಲ್ ತಿರುಗದೆಯೇ ಮೆಲ್ಲಗೆ ಹೇಳಿದ. “ನಮ್ಮ ಮನೆಗೆ ಬಾ. ಬೆಂಕಿ ಇದೆ, ಊಟ ಇದೆ. ಸಿಪಾಯಿ ಮನೆಗೆ ಮಾತ್ರ ಹೋಗ್ಬೇಡ ಕಣೋ.”

“ಹೋಗಲ್ಲ.”

“ಅವಳಿಗೆ ಈಗ...”

“ಗೊತ್ತು. ಕಿಟಕೀಲಿ ನೋಡ್ದೆ. ಇಬ್ಬರು ಗಂಡು ಮಕ್ಕಳು.”

“ಮತ್ತೆ ಏನು ಬೇಕು ನಿಂಗೆ?”

ತೊಟ್... ತೊಟ್... ನೀರು ತೊಟ್ಟಿಕ್ಕೋ ಸದ್ದು. ಆಮೇಲೆ...

“ನನ್ನನ್ನ ಎಲ್ಲಿ ಹೂತೆ?”

ಟೋರ್ಕೆಲ್ ತಿರುಗಿದ. ನಿಂತಿದ್ದ ಹೋಕನ್. ಸಿಪಾಯಿಯ ನೀಲಿ ಕೋಟು ನೆನೆದು ಕಪ್ಪಾಗಿತ್ತು. ಮುಖ ಟೋಪಿಯ ನೆರಳಲ್ಲಿ ಕಾಣಲಿಲ್ಲ. ಟೋರ್ಕೆಲ್‌ನ ಬಾಯಿಂದ ಉಸಿರು ಹೊಗೆಯ ಹಾಗೆ ಬರುತ್ತಿತ್ತು. ಆ ಕಡೆಯಿಂದ ಬರುತ್ತಿರಲಿಲ್ಲ.

“ದಡದುದ್ದಕ್ಕೂ ಹುಡುಕ್ದೆ,” ಅಂದ ಹೋಕನ್. “ಬರ್ಚ್ ಮರಾನೇ ಇಲ್ಲ ಅಲ್ಲಿ.”

ಅಣ್ಣ ಹೇಗೆ ಮನೆ ಸೇರಿದ ಅಂತ ಅವನಿಗೇ ಗೊತ್ತಿಲ್ಲ. ನಾನು ಬಾಗಿಲು ತೆಗೆದಾಗ ಅಂಗೈ ಎರಡೂ ಸುಲಿದುಹೋಗಿದ್ದವು. ಬಿದ್ದು ತೆವಳಿಕೊಂಡು ಬಂದಿದ್ದ. ಏನಾಯಿತು ಅಂದರೆ ಜಾರಿದೆ ಅಂದ.

ಮಾರನೇ ದಿನ ಬಾವಿ ದಾರಿ ಬಿಟ್ಟು, ಹೆಪ್ಪುಗಟ್ಟಿದ ಸರೋವರದ ಮೇಲೆ ಸುತ್ತಿಕೊಂಡು ಬಂದ. ಅಲ್ಲೂ ಬಂತು. ಪಚಕ್... ಪಚಕ್... ಅದೇ ಮಾತು. ಎಲ್ಲಿ ಹೂತೆ? ಅದರ ಮಾರನೇ ದಿನ ಗಿರಣಿಗೇ ಹೋಗಲಿಲ್ಲ, ಒಲೆ ಮುಂದೆ ಕೂತುಬಿಟ್ಟ. ಆ ರಾತ್ರಿ ನಾನು ಕೇಳಿದೆ. ನಾನೇ, ಈ ಕಿವಿಯಲ್ಲಿ. ಮನೆ ಸುತ್ತ ಒಂದು ಸುತ್ತು ಬಂತು. ನಮ್ಮ ನಾಯಿ ಮಂಚದ ಕೆಳಗೆ ಹೋಗಿ ಮೂತಿ ಮುಚ್ಚಿಕೊಂಡಿತು, ಬೊಗಳಲಿಲ್ಲ. ಹೆಜ್ಜೆ ಹೊಸ್ತಿಲ ಹತ್ತಿರ ನಿಂತಿತು. ಬೆಳಗ್ಗೆ ಬಾಗಿಲು ತೆಗೆದು ನೋಡಿದೆ. ಹೊಸ್ತಿಲ ಕಲ್ಲು ಒದ್ದೆ. ಉಗುಳಿದರೆ ನೆಲ ಮುಟ್ಟೋ ಮೊದಲೇ ಕಲ್ಲಾಗೋ ಚಳಿ ಅದು... ಆ ನೀರು ಹೆಪ್ಪುಗಟ್ಟಿರಲಿಲ್ಲ. ಕೈಯಿಟ್ಟು ನೋಡಿದೆ.

ಆಗ ಅಣ್ಣ ಎಲ್ಲ ಹೇಳಿದ. ನದಿ, ತೆಪ್ಪ, ಪ್ರಮಾಣ, ಮರ, ಹಕ್ಕಿ. ನಾನು ಬೈಯಲಿಲ್ಲ. ಬೈಯೋಕೆ ನಾನು ಯಾರು, ನಾನು ಆ ದಡದಲ್ಲಿ ಇರಲಿಲ್ಲ. ಹೋಗಿ ಗುನಿಲ್ಲಾಗೆ ಹೇಳು ಅಂದೆ. ಹೇಳಿದರೆ ಆ ಮದುವೆ ಮದುವೆಯೇ ಅಲ್ಲ ಅಂತಾರೆ, ಆ ಮಕ್ಕಳ ಗತಿ ಏನು ಅಂದ. ಸುಳ್ಳು ಪ್ರಮಾಣಕ್ಕೆ ನನ್ನನ್ನ ಏನು ಬೇಕಾದ್ರೂ ಮಾಡ್ಲಿ, ಅವಳೇನು ಮಾಡಿದ್ದಾಳೆ ಅಂದ. ಹಾಗಾದರೆ ಸುಮ್ಮನಿರು ಅಂದೆ. ಸುಮ್ಮನಿರೋಕೂ ಆಗಲ್ಲ ಅಂದ.

“ಸಿಟ್ಟಲ್ಲಿ ಕೇಳಿದ್ರೆ ತಡ್ಕೋತಿದ್ದೆ ಕಣೇ. ದಾರಿ ತಪ್ಪಿದವನು ವಿಳಾಸ ಕೇಳೋ ಹಾಗೆ ಕೇಳ್ತಾನೆ.”

ಬೆಳಕಿರುವಾಗಲೇ ಇಬ್ಬರೂ ಸಿಪಾಯಿ ಮನೆಗೆ ಹೋದೆವು. ಗುನಿಲ್ಲಾ ಬಾರ್ಲಿ ರೊಟ್ಟಿ ಸುಡುತ್ತಿದ್ದಳು. ಯೋನ್ಸ್ ಗುದ್ದಲಿಗೆ ಹಿಡಿ ಕೆತ್ತುತ್ತಿದ್ದ. ಮಾಲಿನ್ ಆಗ ದೊಡ್ಡವಳಾಗಿದ್ದಳು, ಮೂಲೆಯಲ್ಲಿ ಮಗ್ಗದ ಮುಂದೆ ಕೂತಿದ್ದಳು. ಚಿಕ್ಕ ಹುಡುಗರಿಬ್ಬರನ್ನು ಹೊರಗೆ ಆಡೋಕೆ ಕಳಿಸಿದರು. ಟೋರ್ಕೆಲ್ ಕೂರಲಿಲ್ಲ. ಬಾಗಿಲ ಹತ್ತಿರವೇ ನಿಂತು, ಟೋಪಿ ಕೈಯಲ್ಲಿ ಹಿಡಿದು, ನದಿ ದಡದಿಂದ ಹಿಡಿದು ಬಾವಿಯ ಹತ್ತಿರ ಹೋಕನ್ ಕೇಳಿದ ಆ ಪ್ರಶ್ನೆಯವರೆಗೆ ಎಲ್ಲ ಹೇಳಿದ.

ಮಗ್ಗದ ಸದ್ದು ನಿಂತುಹೋಯಿತು. ಕಲ್ಲಿನ ಮೇಲೆ ರೊಟ್ಟಿ ಸೀದು ವಾಸನೆ ಬಂತು. ಯಾರೂ ಅದನ್ನು ಎತ್ತಲಿಲ್ಲ.

ಗುನಿಲ್ಲಾ ಒಲೆ ಕಡೆಯಿಂದ ತಿರುಗಿದಳು.

“ನಂಗೆ ಅವತ್ತೇ ಗೊತ್ತಿತ್ತು.”

ಟೋರ್ಕೆಲ್ ತಲೆ ಎತ್ತಿದ.

“ಕೊನೆಗೆ ನನ್ನ ಹೆಸರು ಕರೆದ ಅಂದ್ಯಲ್ಲ. ಮದುವೆ ಆದ ದಿನದಿಂದ ಅವನು ನನ್ನನ್ನ ಹೆಸರಿಂದ ಕರೆದವನೇ ಅಲ್ಲ. ‘ಏ ಗುಬ್ಬಿ’ ಅಂತಿದ್ದ. ನೀನು ಪಾದ್ರಿಗಳ ಮುಂದೆ ಗುನಿಲ್ಲಾ ಅಂದಾಗ್ಲೇ ಇದು ಸುಳ್ಳು ಅಂತ ಗೊತ್ತಾಯ್ತು.” ಕೈಯ ಹಿಟ್ಟನ್ನು ಒರೆಸಿಕೊಂಡಳು. “ನಾನೂ ಸುಮ್ಮನಿದ್ದೆ. ನನಗೆ ಸೂರು ಬೇಕಿತ್ತು.”

ಮಾಲಿನ್ ಎದ್ದಳು. ಟೋರ್ಕೆಲ್ ಮುಂದೆ ಬಂದು ನಿಂತಳು. ಅವಳು ಏನಾದರೂ ಬೈಯಲಿ ಅಂತ ಅವನು ಕಾಯುತ್ತಿದ್ದ, ನನಗೆ ಕಾಣುತ್ತಿತ್ತು. “ಹಕ್ಕೀನೂ ಇರಲಿಲ್ವಾ?” ಅಂತ ಕೇಳಿದಳು. ಅಷ್ಟೇ. ಅವನು ಇಲ್ಲ ಅಂತ ತಲೆಯಾಡಿಸಿದ. ಅವನನ್ನು ದಾಟಿಕೊಂಡು ಹೊರಗೆ ಹೋದಳು.

ಯೋನ್ಸ್ ಗುದ್ದಲಿ ಕೈಗೆತ್ತಿಕೊಂಡ. ಅವನೂ ನಾರ್ವೆಯ ಬೆಟ್ಟದ ಹಿಮದಲ್ಲಿ ಜೊತೆಯವರನ್ನು ಬಿಟ್ಟು ಬಂದವನೇ, ಎಡಗೈಯ ಎರಡು ಬೆರಳನ್ನು ಅಲ್ಲೇ ಕಳೆದುಕೊಂಡವನು.

“ಎಲ್ಲಿ ತೋಡೋಣ?” ಅಂದ.

ಮನೆ ಹಿಂದಿನ ಬರ್ಚ್ ಮರದ ಕೆಳಗೆ ಅಂತ ಗುನಿಲ್ಲಾ ಹೇಳಿದಳು. ಚರ್ಚಿನ ಅಂಗಳದಲ್ಲಿ ತೋಡಿದರೆ ಪಾದ್ರಿಗಳು ಕೇಳುತ್ತಾರಲ್ಲ. ಹಿಮ ಸರಿಸಿ, ಕಟ್ಟಿಗೆ ಒಟ್ಟಿ, ಮಾರನೇ ದಿನವಿಡೀ ನೆಲದ ಮೇಲೆ ಬೆಂಕಿ ಉರಿಸಿದೆವು. ಆದರೂ ಗುದ್ದಲಿ ‘ಠಣ್’ ಅಂತಿತ್ತು. ಕಬ್ಬಿಣಕ್ಕೆ ಹೊಡೆದ ಹಾಗೆ. ಸರದಿಯ ಮೇಲೆ ತೋಡಿದರೂ ಆದದ್ದು ಇಷ್ಟೇ... ಒಂದು ಬೆಕ್ಕು ಸತ್ತರೆ ಹೂಳುತ್ತೇವಲ್ಲ, ಅಷ್ಟು. ಮೊಣಕಾಲುದ್ದವೂ ಇಲ್ಲ.

ಒಳಗೆ ಇಡೋಕೆ ಏನಿದೆ? ಹೋಕನ್‌ನ ಬಟ್ಟೆಯೆಲ್ಲ ಎಂದೋ ಕತ್ತರಿಸಿ ಮಕ್ಕಳಿಗೆ ಹೊಲಿದಾಗಿತ್ತು. ಗುನಿಲ್ಲಾ ಒಂದು ಕೊಂಬಿನ ಚಮಚ ತಂದಳು. ಅವನು ಉಣ್ಣುತ್ತಿದ್ದದ್ದು. ಅದನ್ನು ಒಂದು ಬಟ್ಟೆಯಲ್ಲಿ ಸುತ್ತಿ ಇಟ್ಟಳು. ಯೋನ್ಸ್ ತನಗೆ ಬಂದಷ್ಟು ಪ್ರಾರ್ಥನೆ ಹೇಳಿದ. ಮಣ್ಣು ಮುಚ್ಚಿ, ಕಾಲಲ್ಲಿ ತುಳಿದು ತುಳಿದು ಗಟ್ಟಿ ಮಾಡಿದೆವು. ನಾನೂ ತುಳಿದೆ. ಇದನ್ನು ನೆನಪಿಟ್ಟುಕೊಳ್ಳಿ, ಚಮಚ ಬಿಟ್ಟರೆ ಅದರೊಳಗೆ ಏನೂ ಇರಲಿಲ್ಲ.

ಸಂಜೆ ಟೋರ್ಕೆಲ್ ಒಬ್ಬನೇ ಬಾವಿಯ ಹತ್ತಿರ ಹೋದ. ನಾವು ಒಳಗೆ ದೀಪ ಆರಿಸಿ ಕೂತಿದ್ದೆವು. ಗುನಿಲ್ಲಾ ನನ್ನ ಕೈ ಹಿಡಿದಿದ್ದಳು, ಅವಳ ಕೈ ಬಿಸಿಯಾಗಿತ್ತು. ಕಿರ್... ಟುಕ್... ಕಿರ್... ಟುಕ್... ಬಂತು. ಅದರ ಹಿಂದೆ ಪಚಕ್... ಪಚಕ್... ಗುನಿಲ್ಲಾ, ಯೋನ್ಸ್, ಮಾಲಿನ್, ನಾನು, ನಾಲ್ಕು ಜನ ಕೇಳಿದೆವು, ನಾನೊಬ್ಬಳೇ ಅಲ್ಲ. ಕಿಟಕಿಯ ಹಲಗೆ ಸಂದಿಯಲ್ಲಿ ನೋಡಿದೆ. ಟೋರ್ಕೆಲ್ ಒಬ್ಬನೇ ನಡೆದು ಬರುತ್ತಿದ್ದ.

ಮರದ ಹತ್ತಿರ ನಿಂತು, “ಇಲ್ಲೇ ಕಣೋ,” ಅಂದ.

ಮರದ ಕಾಲಿನಿಂದ ನೆಲ ತಟ್ಟಿ ತೋರಿಸಿದ.

“ನೆಲ ಕಲ್ಲಾಗಿದೆ. ಇಷ್ಟೇ ಆಗಿದ್ದು,” ಅಂದ ಮತ್ತೆ.

ನಮಗೆ ಕೇಳಿಸಿದ್ದು ಅವನ ದನಿ ಮಾತ್ರ. ಆ ಕಡೆಯದ್ದು ಅವನು ಆಮೇಲೆ ಹೇಳಿದ್ದು. ಹೋಕನ್ ಬಗ್ಗಿ ನೋಡಿ, ಆಳ ಸಾಲದು ಅಂದನಂತೆ. ಆಮೇಲೆ, ಇರಲಿ ಬಿಡು, ಸಾಕು ಅಂದನಂತೆ. ಟೋರ್ಕೆಲ್‌ಗೆ ತಡೆಯಲಾಗಲಿಲ್ಲ. ತೆಪ್ಪ ಯಾಕೆ ಬರಲಿಲ್ಲ ಅಂತ ಕೇಳಲ್ವೇನೋ ಅಂದ. ಅದು ನಮಗೂ ಕೇಳಿಸಿತು, ಅಳುತ್ತಿದ್ದ. ಅದಕ್ಕೆ ಹೋಕನ್ ಹೇಳಿದನಂತೆ:

“ಕತ್ತಲಾಗೋವರೆಗೂ ಕಾಯ್ದೆ. ಆಮೇಲೆ ಈಜ್ದೆ.”

ಅಷ್ಟೇ ಮಾತು. ಬೇರೆ ಏನೂ ಹೇಳಲಿಲ್ಲ. ಕ್ಷಮಿಸಿದೆ ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ.

ಅವತ್ತಿಂದ ಆ ಹೆಜ್ಜೆ ಸದ್ದು ಯಾರಿಗೂ ಕೇಳಲಿಲ್ಲ. ಪಾದ್ರಿಗಳಿಗೆ ಯಾರೂ ಹೇಳಲಿಲ್ಲ, ಗುನಿಲ್ಲಾಳ ಸಂಸಾರ ಹಾಗೇ ಉಳಿಯಿತು. ಆದರೆ ಅಣ್ಣನಿಗೆ ನೆಮ್ಮದಿ ಸಿಕ್ಕಿತು ಅಂತ ನಾನು ಹೇಳಲಾರೆ. ಸದ್ದು ನಿಂತ ಮೇಲೆ ಅವನೇ ಬಾವಿಯ ಹತ್ತಿರ ಹೋಗಿ ನಿಲ್ಲುತ್ತಿದ್ದ. ಕಾಯುತ್ತಿದ್ದ ಅಂತ ಕಾಣುತ್ತೆ. ಮಾಲಿನ್ ಚಳಿಗಾಲ ಮುಗಿಯೋ ಮೊದಲೇ ಫಾಲುನ್ ಪಟ್ಟಣಕ್ಕೆ ಮನೆಗೆಲಸಕ್ಕೆ ಹೋದಳು. ವರ್ಷಗಳ ಮೇಲೆ ಅಣ್ಣ ಹಾಸಿಗೆ ಹಿಡಿದಾಗ, ಒಂದು ಸಲ ಬಂದು ಹೋಗು ಅಂತ ಹೇಳಿ ಕಳಿಸಿದೆ. ಬಂದಳು. ಹೊಸ್ತಿಲ ಆಚೆಯೇ ನಿಂತು ಅವನನ್ನು ನೋಡಿದಳು, ಒಳಗೆ ಬರಲಿಲ್ಲ. ಅವನು ಗೋಡೆ ಕಡೆ ತಿರುಗಿಕೊಂಡ.

ನೀವು ನಂಬುತ್ತೀರೋ ಬಿಡುತ್ತೀರೋ. ಕುಂಟನಿಗೆ ಬುದ್ಧಿ ಕೆಟ್ಟಿತ್ತು, ಕೇಳಿದವಳಿಗೂ ಕೆಟ್ಟಿತ್ತು ಅಂತ ಅಂದವರಿದ್ದಾರೆ. ಅವರಿಗೆ ನಾನು ಒಂದೇ ಹೇಳುವುದು.

ಆ ಗುಂಡಿ ತೋಡಿದ ಚಳಿಗಾಲ ಮುಗಿದು ವಸಂತ ಬಂದು, ಹಿಮ ಕರಗಿ ನೆಲ ಮೆತ್ತಗಾದಾಗ, ಯೋನ್ಸ್ ಬಂದು ನನ್ನನ್ನು ಕರೆದುಕೊಂಡು ಹೋದ. ಬರ್ಚ್ ಮರದ ಕೆಳಗೆ ನೆಲ ಕುಸಿದಿತ್ತು. ನಾವು ತೋಡಿದ ಆ ಬೆಕ್ಕಿನ ಗುಂಡಿಯಷ್ಟಲ್ಲ. ಪೆಟ್ಟಿಗೆ ಇಟ್ಟು ಹೂತ ಗೋರಿ ಒಂದೆರಡು ವರ್ಷದ ಮೇಲೆ ಇಳಿಯುತ್ತಲ್ಲ, ಹಾಗೆ. ಉದ್ದಕ್ಕೆ, ಅಂಚು ನೆಟ್ಟಗೆ, ಹೆಗಲಿನ ಹತ್ತಿರ ಅಗಲ. ಗುನಿಲ್ಲಾ ಅದರ ಪಕ್ಕದಲ್ಲಿ ನಿಂತು ತಲೆಯಿಂದ ಕಾಲಿನವರೆಗೆ ನೋಡಿದಳು. “ಅವನ ಅಳತೆಯೇ,” ಅಂದಳು.

ಯೋನ್ಸ್ ಒಂದು ಗಾಡಿ ಮಣ್ಣು ತಂದು ಸಮ ಮಾಡಿದ. ಮರುವರ್ಷ ಮತ್ತೆ ಇಳಿಯಿತು. ಯೋನ್ಸ್ ಹೋದ, ಗುನಿಲ್ಲಾ ಹೋದಳು, ಈಗ ಆ ಮನೆಯಲ್ಲಿ ಬೇರೆ ಸಿಪಾಯಿ. ಅವನಿಗೆ ಈ ಕತೆ ಯಾರೂ ಹೇಳಿಲ್ಲ. ಅವನೂ ವಸಂತ ಬಂದರೆ ಅಲ್ಲಿಗೆ ಒಂದು ಗಾಡಿ ಮಣ್ಣು ಹೊಡೆಯುತ್ತಾನೆ.